ಯುದ್ಧವಿಮಾನ ರಿಪೇರಿ ಪರವಾನಗಿ: ನೆಲೋಗಿಯ ಮಿಸ್ತ್ರಿಗಳಿಗೆ ಕೈಪಿಡಿ

ಈ ಕೈಪಿಡಿ ಯಾರಿಗೆ

ಜೇವರ್ಗಿ ತಾಲ್ಲೂಕಿನ ನೆಲೋಗಿಯಲ್ಲಿ ಟ್ರ್ಯಾಕ್ಟರು, ರಾಶಿ ಮಷೀನು, ಬೋರಿನ ಮೋಟರು ಇವುಗಳನ್ನು ಬಿಚ್ಚಿ ಹರವಿ, ಸಂಜೆಯೊಳಗೆ ಕೂಡಿಸಿ, ಗಿರಾಕಿಯ ಕಣ್ಣೆದುರು ಚಾಲು ಮಾಡಿ ತೋರಿಸಬಲ್ಲ ಯಾವ ಮಿಸ್ತ್ರಿಯೂ ಇದನ್ನು ಬಳಸಬಹುದು. ತೊಗರಿ ರಾಶಿ ಮುಗಿದರೆ ಗ್ಯಾರೇಜಿನಲ್ಲಿ ಕೆಲಸ ಇಳಿಯುತ್ತದೆ. ಆ ಖಾಲಿ ದಿನಗಳಲ್ಲಿ ವಾಯುಪಡೆಯ ವಿಮಾನ ರಿಪೇರಿ ಹಿಡಿದರೆ ಹೇಗೆ ಎಂದು ಯೋಚಿಸುವವರಿಗೆಂದೇ ಬರೆದದ್ದು. ಯೋಚಿಸದವರೂ ಓದಬಹುದು. ದೇಶದ ವಿಮಾನ ಯಾರ ಕೈಯಲ್ಲಿ ರಿಪೇರಿಯಾಗುತ್ತದೆ, ಆ ಕೈಗೆ ಅಪ್ಪಣೆ ಕೊಡುವವರು ಯಾರು ಎಂಬುದು ತೆರಿಗೆ ಕಟ್ಟುವವನಿಗೂ ಗೊತ್ತಿರಬೇಕಾದ ಸಂಗತಿ.

ಎಚ್ಚರಿಕೆ: ಈ ಕೈಪಿಡಿಯನ್ನಷ್ಟೇ ಓದಿ ಯಾವುದೇ ಯುದ್ಧವಿಮಾನದ ಬೋಲ್ಟಿಗೆ ಪಾನಾ ಹಚ್ಚಬಾರದು.

ಗಿರಾಕಿ ಇದ್ದಾನೆಯೇ

ಇದ್ದಾನೆ, ಬೀದರಿನಲ್ಲಿ. ಅಲ್ಲಿಯ ವಾಯುನೆಲೆಯಲ್ಲಿ ಯುದ್ಧ ಪೈಲಟ್ ಆಗಬೇಕಾದ ಹುಡುಗರು ಹಾಕ್ ಜೆಟ್ಟಿನಲ್ಲಿ ತರಬೇತಿ ಪಡೆಯುತ್ತಾರೆ. ಆಕಾಶದಲ್ಲಿ ಬಣ್ಣದ ಹೊಗೆ ಬಿಟ್ಟು ಕಸರತ್ತು ತೋರಿಸುವ ಸೂರ್ಯಕಿರಣ ತಂಡದ ಮನೆಯೂ ಅದೇ. ಹಾರುವ ಪ್ರತಿ ವಿಮಾನಕ್ಕೂ ಇಷ್ಟು ಗಂಟೆ ಹಾರಿದ ಮೇಲೆ ಇಂಥ ತಪಾಸಣೆ, ಇಷ್ಟು ವರ್ಷ ಕಳೆದ ಮೇಲೆ ಪೂರ್ತಿ ಬಿಚ್ಚಿ ನೋಡುವುದು ಎಂಬ ಲೆಕ್ಕವಿರುತ್ತದೆ. ಕೆಟ್ಟರೆ ರಿಪೇರಿ ಎನ್ನುವುದು ಟ್ರ್ಯಾಕ್ಟರಿನ ಪದ್ಧತಿ. ವಿಮಾನವನ್ನು ಕೆಡುವ ಮೊದಲೇ ಬಿಚ್ಚುತ್ತಾರೆ. ಅಂದರೆ ವ್ಯಾಪಾರ ಖಾತ್ರಿ.

ತೊಡಕೊಂದೇ: ಈ ಗಿರಾಕಿಗೆ ಮನೆಯಲ್ಲೇ ಮಿಸ್ತ್ರಿಗಳಿದ್ದಾರೆ. ವಾಯುಪಡೆಗೆ ಬೇಸ್ ರಿಪೇರ್ ಡಿಪೋ ಎಂಬ ಸ್ವಂತ ಕಾರ್ಖಾನೆಗಳಿವೆ. ನಾಸಿಕ್ ಬಳಿಯ ಓಝರಿನ 11 ಬಿಆರ್‌ಡಿಯಲ್ಲಿ ಸುಖೋಯ್ ಮತ್ತು ಮಿಗ್-29, ಚಂಡೀಗಡದ 3 ಬಿಆರ್‌ಡಿಯಲ್ಲಿ ರಷ್ಯದ ಹೆಲಿಕಾಪ್ಟರುಗಳು, ಕಾನ್ಪುರದ 4 ಬಿಆರ್‌ಡಿಯಲ್ಲಿ ಎಂಜಿನ್ನುಗಳು ಬಿಚ್ಚಿಕೊಂಡಿರುತ್ತವೆ. ಮಿಕ್ಕಿದ್ದರಲ್ಲಿ ದೊಡ್ಡ ಪಾಲು ಬೆಂಗಳೂರಿನ ಎಚ್‌ಎಎಲ್‌ಗೆ ಹೋಗುತ್ತದೆ. ಬೀದರಿನ ಹಾಕ್‌ಗಳಲ್ಲಿ ಬಹುಪಾಲು ಕೂಡ ಬ್ರಿಟಿಷ್ ವಿನ್ಯಾಸಕ್ಕೆ ಲೈಸೆನ್ಸ್ ಪಡೆದು ಎಚ್‌ಎಎಲ್‌ನವರೇ ಕೂಡಿಸಿಕೊಟ್ಟದ್ದು. ಖಾಸಗಿಯವರಿಗೆ ಬಾಗಿಲು ಮತ್ತೆ ತೆರೆದದ್ದು ತೀರಾ ಈಚೆಗೆ, ಅದೂ ಸಂದಿಯಷ್ಟು.

ಹಂತ 1: ಸರಿಯಾದ ಕಚೇರಿಯನ್ನು ಹುಡುಕಿ

ಬಹುತೇಕರು ಎಡವುವುದು ಇಲ್ಲೇ. ವಿಮಾನ ಎಂದೊಡನೆ ದೆಹಲಿಯ ಡಿಜಿಸಿಎಗೆ ಅರ್ಜಿ ಹಾಕುತ್ತಾರೆ. ಇಂಡಿಗೊ, ಏರ್ ಇಂಡಿಯಾ ವಿಮಾನಗಳನ್ನು ಮುಟ್ಟುವ ಗ್ಯಾರೇಜಿಗೆ ಡಿಜಿಸಿಎ ಸಿಎಆರ್-145 ಎಂಬ ನಿಯಮದಡಿ ಒಪ್ಪಿಗೆ ಕೊಡುವುದು ನಿಜ. ಆದರೆ ಸೇನೆಯ ವಿಮಾನ ಆ ಕಾನೂನಿನ ಬೇಲಿಯಾಚೆ ಇದೆ. 1934ರ ವಿಮಾನ ಕಾಯ್ದೆ ಸೇನಾಪಡೆಗಳ ವಿಮಾನವನ್ನು ಹೊರಗಿಟ್ಟಿತ್ತು. ಅದರ ಬದಲಿಗೆ 2025ರ ಜನವರಿ 1ರಂದು ಜಾರಿಗೆ ಬಂದ ಭಾರತೀಯ ವಾಯುಯಾನ ಅಧಿನಿಯಮವೂ ಹೊರಗೇ ಇಟ್ಟಿದೆ.

ನೀವು ತಟ್ಟಬೇಕಾದ ಬಾಗಿಲು ಎರಡು. ಒಂದು ಬೆಂಗಳೂರಿನ ಮಾರತ್ತಹಳ್ಳಿಯಲ್ಲಿದೆ, ಹೆಸರು ಸೆಮಿಲಾಕ್. 1995ರಲ್ಲಿ ಹುಟ್ಟಿದ ಈ ಕೇಂದ್ರ ಸೇನಾ ವಿಮಾನದ ಹಾರಾಟಯೋಗ್ಯತೆಯನ್ನು ನೋಡುತ್ತದೆ. ಈ ವಿನ್ಯಾಸ, ಈ ಬದಲಾವಣೆ, ಈ ಬಿಡಿಭಾಗ ಆಕಾಶಕ್ಕೆ ಲಾಯಕ್ಕೋ ಅಲ್ಲವೋ ಎಂದು ಹೇಳುವುದು ಅದರ ಕೆಲಸ. ಇನ್ನೊಂದು ದೆಹಲಿಯಲ್ಲಿ ಮುಖ್ಯ ಕಚೇರಿಯಿಟ್ಟುಕೊಂಡು ಕಾರ್ಖಾನೆಗಳ ಒಳಗೇ ತನ್ನ ಜನರನ್ನು ಕೂರಿಸಿರುವ ಡಿಜಿಎಕ್ಯೂಎ. ಒಪ್ಪಿದ ವಿನ್ಯಾಸದಂತೆಯೇ ಕೆಲಸ ನಡೆದಿದೆಯೇ, ಗುಣಮಟ್ಟ ಹಾಗೇ ಇದೆಯೇ ಎಂಬುದು ಇವರ ತಪಾಸಣೆ. ಕಂಪನಿಯ ಗುಣಮಟ್ಟ ವ್ಯವಸ್ಥೆಗೆ ಮುದ್ರೆ ಒತ್ತುವ ಎಎಫ್‌ಕ್ಯೂಎಂಎಸ್ ಎಂಬ ಯೋಜನೆಯೂ ಇವರದೇ. ಎರಡಕ್ಕೂ ಸೇರಿದ ನಿಯಮ ಗ್ರಂಥ ಐಎಂಟಿಎಆರ್-21. ಅದುವರೆಗೆ ನಡೆದುಬಂದಿದ್ದ ಡಿಡಿಪಿಎಂಎಎಸ್ ಎಂಬ ಹಳೆಯ ಪುಸ್ತಕದ ಜಾಗಕ್ಕೆ ಬಂದದ್ದು. ಹೆಸರುಗಳನ್ನು ಬಾಯಿಪಾಠ ಮಾಡಿಕೊಳ್ಳಿ. ಜೇವರ್ಗಿ ಬಸ್‌ಸ್ಟ್ಯಾಂಡಿನಲ್ಲಿ ಚಾ ಕುಡಿಯುವಾಗ ನಾಲ್ಕು ಜನರ ನಡುವೆ ಐಎಂಟಿಎಆರ್ ಎಂದರೆ ಅರ್ಧ ಪರವಾನಗಿ ಸಿಕ್ಕ ಹಾಗೆಯೇ ಅನಿಸುತ್ತದೆ.

ಹಂತ 2: ಹಿಂದಿನವರು ಏನು ಮಾಡಿದರು ನೋಡಿ

ಖಾಸಗಿಯವರು ಸೇನೆಯ ವಿಮಾನ ಮುಟ್ಟುವುದು ಹೊಸದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಎಚ್‌ಎಎಲ್ ಹುಟ್ಟಿದ್ದೇ ಖಾಸಗಿ ಕಂಪನಿಯಾಗಿ. 1940ರ ಡಿಸೆಂಬರ್ 23ರಂದು ವಾಲ್‌ಚಂದ್ ಹೀರಾಚಂದ್ ಎಂಬ ಸೊಲ್ಲಾಪುರದ ವ್ಯಾಪಾರಿ ಮೈಸೂರು ಸಂಸ್ಥಾನವನ್ನು ಜತೆಗೆ ಹಾಕಿಕೊಂಡು, 4 ಕೋಟಿ ರೂಪಾಯಿಯ ಅಧಿಕೃತ ಬಂಡವಾಳದಲ್ಲಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ತೆರೆದರು. ಸೊಲ್ಲಾಪುರ ನಮಗೆ ದೂರವೇನಲ್ಲ, ಅಫಜಲಪುರ ದಾಟಿದರೆ ಆ ಕಡೆಯ ದಾರಿಯೇ. ದಿವಾನ್ ಮಿರ್ಜಾ ಇಸ್ಮಾಯಿಲ್ ಬೆಂಬಲಕ್ಕೆ ನಿಂತರು. 1941ರ ಮಾರ್ಚಿನಲ್ಲಿ ಭಾರತ ಸರಕಾರ ಮೂರರಲ್ಲೊಂದು ಪಾಲು ಹಾಕಿತು, 1942ರಲ್ಲಿ ಆಡಳಿತವನ್ನೇ ಕೈಗೆ ತೆಗೆದುಕೊಂಡಿತು, 1943ರಲ್ಲಿ ಇಡೀ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಿತು. ಅವರು ಅದಕ್ಕೆ 84ನೇ ಏರ್ ಡಿಪೋ ಎಂದು ಹೆಸರಿಟ್ಟು, ಬರ್ಮಾ ಮತ್ತು ಚೀನಾ ಕಡೆಯ ಯುದ್ಧದಲ್ಲಿ ಸವೆದ ವಿಮಾನಗಳನ್ನು ಇಲ್ಲಿ ಬಿಚ್ಚಿ ಜೋಡಿಸಿದರು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬೆಳ್ಳಂದೂರು ಕೆರೆಗೆ ಬಂದಿಳಿಯುತ್ತಿದ್ದವು. ಆಗ ಆ ಕೆರೆಯಲ್ಲಿ ನೊರೆಯಿರಲಿಲ್ಲ, ನೀರಿತ್ತು.

ಇಲ್ಲಿ ಗಮನಿಸಬೇಕಾದ್ದು ವ್ಯವಹಾರದ ಕೊನೆ. ಗ್ಯಾರೇಜು ಚೆನ್ನಾಗಿ ನಡೆದರೆ ಗಿರಾಕಿಯೇ ಅದನ್ನು ಕೊಂಡುಬಿಡುತ್ತಾನೆ. ವಾಲ್‌ಚಂದರಿಗೆ ಆದದ್ದು ಅದೇ.

ಆ ಕಾರ್ಖಾನೆಯ ಅತ್ಯಂತ ರೋಚಕ ಕೆಲಸ ನಡೆದದ್ದು ಯುದ್ಧ ಮುಗಿದ ಮೇಲೆ. ಕಾನ್ಪುರದ ಮೈದಾನದಲ್ಲಿ ಬಿ-24 ಲಿಬರೇಟರ್ ಎಂಬ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರುಗಳು ಬಿದ್ದಿದ್ದವು. ಅಮೆರಿಕದಿಂದ ಎರವಲು ಬಂದ ವಿಮಾನಗಳು, ಮತ್ತೆ ಯಾರೂ ಹಾರಿಸಬಾರದೆಂದು ಬ್ರಿಟಿಷರು ಹೋಗುವಾಗ ಬೇಕೆಂದೇ ಕೆಡಿಸಿ ಹೋಗಿದ್ದರು. ಬಾಂಬರ್ ಇಲ್ಲದ ಹೊಸ ದೇಶದ ವಾಯುಪಡೆ ಅವುಗಳನ್ನು ಎಬ್ಬಿಸಿ ಕೊಡಿ ಎಂದು ಎಚ್‌ಎಎಲ್‌ಗೆ ಹೇಳಿತು. ಒಂದರ ಭಾಗ ಇನ್ನೊಂದಕ್ಕೆ ಹಾಕಿ, ಹೇಗೋ ಹಾರುವಷ್ಟು ಮಾಡಿ, ಜಿಮ್ಮಿ ಮುನ್ಶಿ ಎಂಬ ಟೆಸ್ಟ್ ಪೈಲಟ್ ಅವುಗಳನ್ನು ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಬೆಂಗಳೂರಿನಲ್ಲಿ ಪೂರ್ತಿ ರಿಪೇರಿಯಾಯಿತು. ಹೀಗೆ 40ಕ್ಕೂ ಹೆಚ್ಚು ವಿಮಾನಗಳು ಎದ್ದವು. ಕೊನೆಯವು 1968ರ ವರೆಗೂ ಸೇವೆಯಲ್ಲಿದ್ದವು.

ನೆಲೋಗಿಯ ಮಿಸ್ತ್ರಿಗೆ ಈ ಕಥೆ ಹೇಳಿದರೆ ಎದೆಯುಬ್ಬುತ್ತದೆ. ಇದೇ ನಮ್ಮ ಕೆಲಸ, ಇದಕ್ಯಾಕೆ ಪರವಾನಗಿ ಎಂದು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಉತ್ತರ ಮುಂದಿನ ಹಂತದಲ್ಲಿದೆ, ಮತ್ತು ಅದು ಅವನಿಗೆ ಹಿಡಿಸುವುದಿಲ್ಲ.

ಹಂತ 3: ಜಾಣತನವನ್ನು ಹೊರಗಿಟ್ಟು ಬನ್ನಿ

ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಗೌರವ ಸಿಗುವುದು ಇಲ್ಲದ ಪಾರ್ಟಿನ ಜಾಗಕ್ಕೆ ಇನ್ನೊಂದನ್ನು ಕುದುರಿಸಿದವನಿಗೆ. ವಿಮಾನದಲ್ಲಿ ಹಾಗೆ ಕುದುರಿಸಿದವನನ್ನು ಮನೆಗೆ ಕಳಿಸುತ್ತಾರೆ. ತಯಾರಕರ ಪುಸ್ತಕದಲ್ಲಿ ಬರೆದ ಬೋಲ್ಟು, ಬರೆದ ನಂಬರಿನದು, ಬರೆದಷ್ಟೇ ಬಿಗಿ. ಬಿಗಿ ಅಳೆಯುವ ಟಾರ್ಕ್ ರೆಂಚನ್ನೂ ಗೊತ್ತುಪಡಿಸಿದ ಅವಧಿಗೊಮ್ಮೆ ಇನ್ನೊಬ್ಬರ ಬಳಿ ಅಳೆಸಬೇಕು. ಬೋಲ್ಟು ಯಾವ ಕಾರ್ಖಾನೆಯಲ್ಲಿ ಯಾವ ತಂಡದಲ್ಲಿ ಹುಟ್ಟಿತು ಎಂಬ ಕಾಗದವಿಲ್ಲದಿದ್ದರೆ ಅದು ಬೋಲ್ಟೇ ಅಲ್ಲ. ರಬ್ಬರ್ ಸೀಲು ಡಬ್ಬಿಯಲ್ಲಿ ಹೊಸದಾಗಿಯೇ ಕೂತಿದ್ದರೂ ಅದರ ಆಯುಷ್ಯ ಮುಗಿದಿದ್ದರೆ ಎಸೆಯಬೇಕು. ಎಸೆಯುವ ಮೊದಲು ಯಾರೂ ಮತ್ತೆ ಬಳಸದಂತೆ ಕತ್ತರಿಸಬೇಕು.

ಈಗ ಉಳಿದ ನಟ್ಟಿನ ವಿಚಾರ. ಎಂಜಿನ್ ಕೂಡಿಸಿದ ಮೇಲೆ ತಟ್ಟೆಯಲ್ಲಿ ಎರಡು ನಟ್ಟು ಉಳಿಯುವುದು ಎಲ್ಲ ಗ್ಯಾರೇಜಿನಲ್ಲೂ ನಡೆಯುವ ಮಾತು. ಎಂಜಿನ್ ಓಡುತ್ತಿದ್ದರೆ ಆ ನಟ್ಟು ಡಬ್ಬಿಗೆ ಹೋಗುತ್ತದೆ, ಮುಂದಿನ ಗಿರಾಕಿಗೆ ಉಪಯೋಗಕ್ಕೆ ಬರುತ್ತದೆ. ವಿಮಾನದ ಹ್ಯಾಂಗರಿನಲ್ಲಿ ಒಂದು ನಟ್ಟು ಉಳಿದರೆ, ಅಥವಾ ಒಂದು ಪಾನಾ ಕಡಿಮೆಯಾದರೆ, ಅದು ಎಲ್ಲಿಯದು, ಎಲ್ಲಿ ಹೋಯಿತು ಎಂದು ಗೊತ್ತಾಗುವ ತನಕ ವಿಮಾನ ಜಾಗ ಬಿಟ್ಟು ಕದಲುವುದಿಲ್ಲ. ಅದಕ್ಕೇ ಪ್ರತಿ ಉಪಕರಣಕ್ಕೂ ಹಲಗೆಯ ಮೇಲೆ ಅದರದೇ ಆಕಾರದ ಗುರುತು ಬರೆದಿರುತ್ತಾರೆ. ಸಂಜೆ ಹಲಗೆ ನೋಡಿದರೆ ಖಾಲಿ ಗುರುತು ತಾನೇ ಕೂಗುತ್ತದೆ.

ಸ್ಥಳದ ಬಗ್ಗೆ ಒಂದು ಮಾತು. ನಮ್ಮದು ಎರಿ ಭೂಮಿ. ಬೇಸಿಗೆಯಲ್ಲಿ ಕಾಲು ಇಳಿಯುವಷ್ಟು ಬಿರುಕು, ಮಳೆಗೆ ಉಬ್ಬು. ಹ್ಯಾಂಗರಿನ ನೆಲ ಮಟ್ಟಸವಾಗಿರಬೇಕೆಂದರೆ ಅಡಿಪಾಯಕ್ಕೆ ಹೋಗುವ ದುಡ್ಡು ಬೇರೆಯೇ. ರನ್‌ವೇ? ಒಬ್ಬ ಮುಖ್ಯಮಂತ್ರಿಯನ್ನು, 2004ರಿಂದ 2006ರ ವರೆಗೆ ರಾಜ್ಯ ಆಳಿದ ಧರಂ ಸಿಂಗರನ್ನು, ಕೊಟ್ಟ ಊರು ಒಂದು ರನ್‌ವೇ ಕೇಳಿದರೆ ಅತಿಯಾಸೆಯೇನಲ್ಲ. ಆದರೆ 2019ರ ನವೆಂಬರಿನಲ್ಲಿ ಆರಂಭವಾದ ಕಲಬುರಗಿ ವಿಮಾನ ನಿಲ್ದಾಣದಲ್ಲಿ ಮೂರು ಕಿಲೋಮೀಟರಿಗೂ ಉದ್ದದ ಒಂದು ರನ್‌ವೇ ಇದೆ. ಸದ್ಯ ಅದನ್ನೇ ತೋರಿಸಿ.

ಹಂತ 4: ಪುಸ್ತಕದ ಮಾಲಕನನ್ನು ಹಿಡಿಯಿರಿ

ಪುಸ್ತಕದಂತೆ ಕೆಲಸ ಮಾಡಬೇಕು ಎಂದೆವು. ಪುಸ್ತಕ ಯಾರದು? ವಿಮಾನ ಮಾಡಿದ ಕಂಪನಿಯದು. ಅವರು ಕೊಡದೆ ಒಂದು ಪುಟವೂ ಸಿಗದು. ನಮ್ಮಲ್ಲಿ ಖಾಸಗಿಯವರು ಸೇನೆಯ ವಿಮಾನದ ಹತ್ತಿರ ಹೋಗಲು ಹಿಡಿದ ದಾರಿ ಇದೇ, ತಯಾರಕನ ಕೈ ಹಿಡಿದು ಹೋಗುವುದು.

ಹೊಸೂರನ್ನು ನೋಡಿ. ಗಡಿಯಾಚೆ ತಮಿಳುನಾಡು, ಆದರೆ ಬೀದಿಯಲ್ಲಿ ಕನ್ನಡ ಕೇಳುತ್ತದೆ. ಅಲ್ಲಿಯ ಏರ್ ವರ್ಕ್ಸ್ ಎಂಬ ಖಾಸಗಿ ಕಂಪನಿಯ ಹ್ಯಾಂಗರಿಗೆ ನೌಕಾಪಡೆಯ ಪಿ-8ಐ ವಿಮಾನಗಳು ದೊಡ್ಡ ತಪಾಸಣೆಗೆ ಬಂದವು. ಜಲಾಂತರ್ಗಾಮಿ ಬೇಟೆಯ ಇಂಥ ವಿಮಾನಗಳು ನೌಕಾಪಡೆಯಲ್ಲಿ 12 ಇವೆ. ಹೊರಗಿನಿಂದ ನೋಡಿದರೆ ಇದು ನೀವು ಬೆಂಗಳೂರಿನಿಂದ ದೆಹಲಿಗೆ ಹೋಗುವ ಬೋಯಿಂಗ್ 737ರ ಅಣ್ಣತಮ್ಮ. ಆ ಮೈಯನ್ನು ಬಿಚ್ಚಿ ಗೊತ್ತಿದ್ದ ನಾಗರಿಕ ಗ್ಯಾರೇಜಿಗೆ ಬೋಯಿಂಗ್ ಕೈ ಜೋಡಿಸಿತು. ಹೊಟ್ಟೆಯೊಳಗಿನ ಯುದ್ಧದ ಉಪಕರಣಗಳ ಮಾತು ಬೇರೆ. ಆ ಕಂಪನಿಯನ್ನು ಕೊಳ್ಳಲು ಅದಾನಿ ಸಮೂಹ 2024ರ ಡಿಸೆಂಬರಿನಲ್ಲಿ ಒಪ್ಪಂದ ಮಾಡಿಕೊಂಡಿತು. ಗ್ಯಾರೇಜು ಚೆನ್ನಾಗಿ ನಡೆದರೆ ಏನಾಗುತ್ತದೆ ಎಂದು ಎರಡನೇ ಹಂತದಲ್ಲಿ ಹೇಳಿಯಾಗಿದೆ.

ಬೆಂಗಳೂರಿನಲ್ಲಿ 2025ರ ಡಿಸೆಂಬರಿನಲ್ಲಿ ಟಾಟಾ ಮತ್ತು ಲಾಕ್‌ಹೀಡ್ ಮಾರ್ಟಿನ್ ಸೇರಿ ಇನ್ನೊಂದು ಹ್ಯಾಂಗರಿಗೆ ಗುದ್ದಲಿ ಪೂಜೆ ಮಾಡಿದವು. ವಾಯುಪಡೆಯ ಸಿ-130ಜೆ ಸಾಗಣೆ ವಿಮಾನಗಳಿಗೆಂದೇ ಕಟ್ಟುವ ರಿಪೇರಿ ಕೇಂದ್ರ. ಪುಸ್ತಕ ಲಾಕ್‌ಹೀಡ್‌ನದು, ಕೈ ನಮ್ಮವರದು.

ನೆಲೋಗಿಯ ಮಿಸ್ತ್ರಿ ಅಮೆರಿಕದ ಯಾವ ಕಂಪನಿಗೆ ಪತ್ರ ಬರೆಯಬೇಕು ಎಂಬುದನ್ನು ಅವನ ವಿವೇಚನೆಗೆ ಬಿಡಲಾಗಿದೆ.

ಹಂತ 5: ಸಹಿ ಮಾಡದವನನ್ನು ನೇಮಿಸಿ

ಈ ಕೈಪಿಡಿಯಲ್ಲಿ ಒಂದೇ ಹಂತ ಓದುವ ಪುರುಸೊತ್ತಿದ್ದರೆ ಇದನ್ನು ಓದಿ.

ವಿಮಾನದ ಕೆಲಸ ಮಾಡಿದವನು ಒಬ್ಬ, ಅದು ಸರಿಯಾಗಿದೆ ಎಂದು ಸಹಿ ಹಾಕುವವನು ಇನ್ನೊಬ್ಬ. ರೆಕ್ಕೆ, ಬಾಲ ಆಡಿಸುವ ಹಗ್ಗ-ಸಲಾಕಿಗಳಂಥ ಜೀವದ ಜಾಗಗಳಲ್ಲಿ, ಆ ಕೆಲಸಕ್ಕೆ ಕೈಯೇ ಹಾಕದ ಮತ್ತೊಬ್ಬ ಬಂದು ಮೊದಲಿನಿಂದ ನೋಡಬೇಕು. ಇವರೆಲ್ಲರ ಮೇಲೆ ಗುಣಮಟ್ಟದ ಮುಖ್ಯಸ್ಥ. ಅವನು ಉತ್ಪಾದನೆಯ ಮುಖ್ಯಸ್ಥನಿಗೆ ತಗ್ಗಬೇಕಾಗಿಲ್ಲದಂತೆ ಕುರ್ಚಿಗಳನ್ನು ಹಾಕಿರಬೇಕು.

ನೆಲೋಗಿ ಗ್ಯಾರೇಜಿನ ಸಿಬ್ಬಂದಿ ಮಿಸ್ತ್ರಿ ಮತ್ತು ಅವನ ಹೆಂಡತಿಯ ತಮ್ಮ. ತಪಾಸಣೆಗೆ ಬಂದ ಅಧಿಕಾರಿಗೂ ಮಿಸ್ತ್ರಿಗೂ ನಡೆಯಬಹುದಾದ ಮಾತು ಹೀಗಿರುತ್ತದೆ:

"ನೀವು ಮಾಡಿದ ಕೆಲಸ ಯಾರು ನೋಡ್ತಾರೆ?"

"ನಮ್ಮ ಭಾವಮೈದುನ ನೋಡ್ತಾನ್ರಿ ಸಾಹೇಬ್ರ."

"ನೀವು ಮಾಡಿದ್ದು ತಪ್ಪು ಅಂತ ಅವರು ಎಂದಾದ್ರೂ ಹೇಳಿದ್ದಾರಾ?"

"ಹ್ಯಾಂಗ ಹೇಳ್ತಾನ್ರಿ? ನಮ್ಮ ಮನ್ಯಾಗೇ ಊಟ ಮಾಡ್ತಾನ."

ನಗಬೇಡಿ. ಇದೇ ಮಾತನ್ನು ದೊಡ್ಡ ಕುರ್ಚಿಗಳ ಮಟ್ಟಕ್ಕೆ ಎತ್ತಿ ನೋಡಿ. ಎಚ್‌ಎಎಲ್‌ನ ಒಡೆತನ ರಕ್ಷಣಾ ಉತ್ಪಾದನಾ ಇಲಾಖೆಯ ಕೈಯಲ್ಲಿದೆ. ಎಚ್‌ಎಎಲ್‌ನ ಕೆಲಸ ತಪಾಸಣೆ ಮಾಡುವ ಡಿಜಿಎಕ್ಯೂಎ ಕೂಡ ಅದೇ ಇಲಾಖೆಯಡಿ. ವಿಮಾನ, ಉಪಕರಣ ವಿನ್ಯಾಸ ಮಾಡುವ ದೊಡ್ಡ ಮನೆ ಡಿಆರ್‌ಡಿಒ. ವಿನ್ಯಾಸಕ್ಕೆ ಒಪ್ಪಿಗೆ ಕೊಡುವ ಸೆಮಿಲಾಕ್ ಡಿಆರ್‌ಡಿಒದೇ ಒಂದು ಕೇಂದ್ರ. ಗಿರಾಕಿಯಾದ ವಾಯುಪಡೆಯೂ ಇವೆಲ್ಲ ಸೇರಿದ ರಕ್ಷಣಾ ಸಚಿವಾಲಯದ್ದೇ. ಇದರಿಂದ ಯಾರೋ ಕಣ್ಣುಮುಚ್ಚಿ ಸಹಿ ಹಾಕಿದರೆಂದು ನಾನು ಹೇಳುತ್ತಿಲ್ಲ. ಆ ಕಚೇರಿಗಳಲ್ಲಿ ವರ್ಷಗಟ್ಟಲೆ ಬೇಡ ಎಂದು ಹಿಡಿದು ಕೂತ, ಅದಕ್ಕೇ ಬೈಸಿಕೊಂಡ ಎಂಜಿನಿಯರುಗಳಿದ್ದಾರೆ. ತಡ ಮಾಡುತ್ತಾರೆಂಬ ದೂರು ಅವರ ಮೇಲೆಯೇ ಹೆಚ್ಚು. ಆದರೂ ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಮನೆಯಲ್ಲಿ ಬೇಡ ಎನ್ನುವುದು ಆ ಮನುಷ್ಯನ ಗಟ್ಟಿತನದ ಮೇಲೆ ನಿಂತಿರುತ್ತದೆ, ಕುರ್ಚಿಯ ಮೇಲಲ್ಲ. ಖಾಸಗಿ ಕಂಪನಿ ಬಂದಾಗಲೇ ಮೊದಲ ಸಲ ತಪಾಸಣೆ ಮಾಡುವವನೂ ಮಾಡಿಸಿಕೊಳ್ಳುವವನೂ ನಂಟರಲ್ಲದಂತಾಗುತ್ತಾರೆ. ಖಾಸಗಿಯವರು ಬಂದರೆ ಸುರಕ್ಷತೆ ಕೆಡುತ್ತದೆ ಎನ್ನುವವರು ಈ ಕಡೆಯನ್ನೂ ನೋಡಬೇಕು. ಅವರು ಬಂದರೆ ಎಲ್ಲ ಚುರುಕಾಗುತ್ತದೆ ಎನ್ನುವವರು ಮುಂದಿನ ಪ್ಯಾರಾ ಓದಬೇಕು.

2006ರ ಸೆಪ್ಟೆಂಬರ್ 2ರಂದು ಅಫಘಾನಿಸ್ತಾನದ ಕಂದಹಾರ್ ಬಳಿ ಬ್ರಿಟನ್ ವಾಯುಪಡೆಯ ನಿಮ್ರಾಡ್ ವಿಮಾನವೊಂದು, ಆಕಾಶದಲ್ಲೇ ಇಂಧನ ತುಂಬಿಸಿಕೊಂಡ ಸ್ವಲ್ಪ ಹೊತ್ತಿಗೆ ಬೆಂಕಿ ಹತ್ತಿ ಬಿತ್ತು. 14 ಮಂದಿ ಸತ್ತರು. ಸೋರಿದ ಇಂಧನ ಬಿಸಿ ಕೊಳವೆಗೆ ತಾಗಿತ್ತು. ಇಂಥ ಅಪಾಯಗಳಿವೆಯೇ ಎಂದು ಹುಡುಕಲೆಂದೇ, ವಿಮಾನ ಬೀಳುವ ಮೊದಲೇ, ಸುರಕ್ಷತೆಯ ದೊಡ್ಡ ಕಡತವೊಂದನ್ನು ಬಿಎಇ ಸಿಸ್ಟಮ್ಸ್ ಎಂಬ ಖಾಸಗಿ ಕಂಪನಿಯಿಂದ ಮಾಡಿಸಿದ್ದರು. ಅದನ್ನು ಹೊರಗಿನವರಾಗಿ ನೋಡಲು ಕಿನೆಟಿಕ್ ಎಂಬ ಇನ್ನೊಂದು ಕಂಪನಿಯಿತ್ತು. 2009ರ ಅಕ್ಟೋಬರಿನಲ್ಲಿ ಚಾರ್ಲ್ಸ್ ಹ್ಯಾಡನ್-ಕೇವ್ ಎಂಬ ವಕೀಲರು ಕೊಟ್ಟ ತನಿಖಾ ವರದಿ ಆ ಕಡತವನ್ನು ಬಿಚ್ಚಿಟ್ಟಿತು. ಪಟ್ಟಿ ಮಾಡಿದ ಅಪಾಯಗಳಲ್ಲಿ ಶೇ 40ರಷ್ಟು ಇನ್ನೂ ತೀರ್ಮಾನವಾಗದೆ ತೆರೆದೇ ಇದ್ದವು. ಕೆಲಸ ಮುಗಿಯಿತೆಂದು ಕಡತ ಒಪ್ಪಿಸಿದರು, ನೋಡಬೇಕಾದವರು ತಲೆಯಾಡಿಸಿದರು, ಸೇನೆ ತೆಗೆದುಕೊಂಡಿತು. ವಿಮಾನ ಇಷ್ಟು ವರ್ಷ ಹಾರಿದೆ, ಸುರಕ್ಷಿತವೇ ಇರಬೇಕು ಎಂಬ ನಂಬಿಕೆ ಎಲ್ಲರ ತಲೆಯಲ್ಲೂ ಮೊದಲೇ ಕೂತಿತ್ತು ಎಂದು ವರದಿ ಹೇಳಿತು. ಅಲ್ಲಿ ಕಾಗದಕ್ಕೆ ಕೊರತೆಯಿರಲಿಲ್ಲ. ಎರಡು ಕಂಪನಿ, ಒಂದು ಸೇನೆ, ಮೂವರೂ ಬೇರೆ ಬೇರೆ ಮನೆಯವರು, ನಂಟಸ್ತಿಕೆ ಹುಟ್ಟಿದ್ದು ಗುತ್ತಿಗೆಯಿಂದ. ಆಮೇಲೆ 2010ರಲ್ಲಿ ಬ್ರಿಟನ್ ಸೇನಾ ವಿಮಾನಗಳಿಗೆಂದೇ ಬೇರೆ ನಿಯಂತ್ರಣ ಸಂಸ್ಥೆಯನ್ನು ಕಟ್ಟಿತು. ಈಗ ಅಲ್ಲಿ ಸೇನೆಯ ವಿಮಾನ ಮುಟ್ಟುವ ಖಾಸಗಿ ಗ್ಯಾರೇಜಿಗೆ ಆ ಸಂಸ್ಥೆಯ ಒಪ್ಪಿಗೆ ಬೇಕು.

ಆದ್ದರಿಂದ ಭಾವಮೈದುನನನ್ನು ಇಟ್ಟುಕೊಳ್ಳಲು ಅಡ್ಡಿಯಿಲ್ಲ. ಅವನ ಊಟ ಮಾತ್ರ ಬೇರೆ ಕಡೆ ಇರಲಿ.

ದೋಷ ಪತ್ತೆ

ತೊಂದರೆ: ಅರ್ಜಿ ಹೋಗಿ ಬಹಳ ದಿನವಾಯಿತು, ಉತ್ತರವಿಲ್ಲ. ಪರಿಹಾರ: ಟ್ರ್ಯಾಕ್ಟರ್ ಕೆಲಸ ನಿಲ್ಲಿಸಬೇಡಿ.

ತೊಂದರೆ: ವಿದೇಶದ ಷೇರುದಾರ ಬಂದಿದ್ದಾನೆ. ಪರಿಹಾರ: ರಕ್ಷಣಾ ವಲಯದಲ್ಲಿ 2020ರಿಂದ ಶೇ 74ರ ವರೆಗೆ ನೇರ ದಾರಿಯಿದೆ, ಅದಕ್ಕಿಂತ ಹೆಚ್ಚಾದರೆ ಸರಕಾರದ ಅನುಮತಿ. ನೆಲೋಗಿಗೆ ನಿಜಕ್ಕೂ ಬಂದಿದ್ದರೆ ಮೊದಲು ಅವನಿಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕೊಡಿ.

ತೊಂದರೆ: ಅಂಗಡಿ ಮುಂದೆ ಊರ ಹುಡುಗರು ಸೆಲ್ಫಿ ತೆಗೆಯುತ್ತಿದ್ದಾರೆ. ಪರಿಹಾರ: ರಕ್ಷಣಾ ಕೆಲಸದ ಪರವಾನಗಿ ಪಡೆದ ಕಂಪನಿಗಳಿಗೆ ಭದ್ರತೆಯ ಕೈಪಿಡಿ ಬೇರೆಯೇ ಇದೆ. ಅದರ ಪ್ರಕಾರ ಗೋಡೆ ಕಟ್ಟಿಸಿ. ಗೋಡೆ ಕಟ್ಟಿದರೆ ಕಟ್ಟೆಯ ಮೇಲೆ ಕೂರುವವರಿಗೆ ಜಾಗವಿಲ್ಲದಾಗುತ್ತದೆ, ಅದಕ್ಕೆ ಪರಿಹಾರ ಗೊತ್ತಾಗಿಲ್ಲ.

ಕೊನೆಯ ಹಂತ: ಒಪ್ಪಿಸುವುದು

ಮೇಲಿನದೆಲ್ಲ ಆಗಿದೆ ಎಂದಿಟ್ಟುಕೊಳ್ಳೋಣ. ಶುಕ್ರವಾರ ಸಂಜೆ. ವಿಮಾನ ಸಿದ್ಧವಾಗಿದೆ, ಸೋಮವಾರ ಮುಂಜಾನೆ ಸ್ಕ್ವಾಡ್ರನ್ನಿಗೆ ಬೇಕೇ ಬೇಕು, ಮೂರು ಸಲ ಫೋನು ಬಂದಿದೆ. ಭಾವಮೈದುನ ಟಾರ್ಚ್ ಹಿಡಿದು ಬಾಲದ ಕೆಳಗೆ ನುಗ್ಗಿ, ಹೊರಗೆ ಬಂದು, ಒಂದು ಬೋಲ್ಟಿನ ಲಾಕ್ ವೈರು ಉಲ್ಟಾ ಸುತ್ತಿದೆ ಎನ್ನುತ್ತಾನೆ. ಲಾಕ್ ವೈರನ್ನು ಬೋಲ್ಟು ಬಿಗಿಯಾಗುವ ದಿಕ್ಕಿಗೆ ಎಳೆಯುವಂತೆ ಸುತ್ತಬೇಕು, ಇದು ಸಡಿಲಾಗುವ ದಿಕ್ಕಿಗೆ ಎಳೆಯುತ್ತಿದೆ. ಸುತ್ತಿದವರು ನೀವೇ. ತಂತಿ ಎರಡು ಬೆರಳಿನಷ್ಟು, ಆದರೆ ಅದನ್ನು ತೆಗೆದು ಹಾಕಲು ಸುತ್ತಲಿನ ಮುಚ್ಚಳಗಳನ್ನೆಲ್ಲ ಬಿಚ್ಚಬೇಕು, ಮತ್ತೆ ಎಲ್ಲ ತಪಾಸಣೆ, ಎಲ್ಲ ಸಹಿ. ಮಂಗಳವಾರಕ್ಕೆ ಮುಗಿದರೆ ಪುಣ್ಯ.

ಆಗ ಮಾಡಬೇಕಾದ್ದು: ಭಾವಮೈದುನ ಬರೆದದ್ದನ್ನು ಅಳಿಸಬೇಡಿ. ಫೋನ್ ಕೈಗೆ ತೆಗೆದುಕೊಳ್ಳಿ. "ಸಾಹೇಬ್ರ, ಸೋಮವಾರ ಆಗಂಗಿಲ್ರಿ" ಎನ್ನಿ. ಅತ್ತಲಿಂದ ಬರುವ ಉತ್ತರ ಈ ಕೈಪಿಡಿಯ ವ್ಯಾಪ್ತಿಗೆ ಸೇರಿಲ್ಲ.